ಹೆಚ್ಚು ಹೊತ್ತು ನೋಡಿದ ಸಾಲೇ ಅರ್ಥವಾಗದ ಸಾಲೇ?

ಪ್ರಶ್ನೆ: ವಿದ್ಯಾರ್ಥಿಯನ್ನು ಐ ಟ್ರ್ಯಾಕರ್ (ಕಣ್ಣಿನ ನೋಟವನ್ನು ಹಿಂಬಾಲಿಸುವ ಯಂತ್ರ) ಮುಂದೆ ಕೂರಿಸಿದರೆ ಕಂಪ್ಯೂಟರ್ ಕೋಡ್‌ನ ಯಾವ ಸಾಲು ಅರ್ಥವಾಗಿಲ್ಲ ಎಂದು ಗೊತ್ತಾಗುತ್ತದಲ್ಲವೇ? ಎಲ್ಲಿ ಹೆಚ್ಚು ಹೊತ್ತು ನೋಡಿದನೋ ಅದೇ ಅರ್ಥವಾಗದ ಸಾಲು ತಾನೇ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೆಂಬ ಲೆಕ್ಕವನ್ನೇ ಬಿಟ್ಟಿದ್ದೇನೆ. ಇನ್ನೊಮ್ಮೆ ಹೇಳುತ್ತೇನೆ: ಅಲ್ಲ. ನೋಟ ಎಲ್ಲಿತ್ತು, ಎಷ್ಟು ಹೊತ್ತಿತ್ತು ಎಂಬುದನ್ನು ಯಂತ್ರ ಅಳೆಯುತ್ತದೆ. ಏಕೆ ಅಲ್ಲಿತ್ತು ಎಂಬುದು ಅದಕ್ಕೆ ದಕ್ಕುವುದಿಲ್ಲ.

ಅವಗೆಂಪು ಬೆಳಕು ಬೀರಿ, ಕಣ್ಣುಪಾಪೆಯ ನಡುಭಾಗ ಮತ್ತು ಕಾರ್ನಿಯಾದ ಮೇಲೆ ಮೂಡುವ ಹೊಳಪು ಇವೆರಡರ ಅಂತರದಿಂದ ನೋಟದ ಜಾಗವನ್ನು ಅದು ಲೆಕ್ಕ ಹಾಕುತ್ತದೆ. ಓದುವ ಕಣ್ಣು ಒಂದೇ ಸಮನೆ ಹರಿಯುವುದಿಲ್ಲ. ಸಾಮಾನ್ಯವಾಗಿ 200ರಿಂದ 300 ಮಿಲಿಸೆಕೆಂಡ್ ಒಂದೆಡೆ ನಿಂತು ಇನ್ನೊಂದೆಡೆಗೆ ಜಿಗಿಯುತ್ತದೆ. ಈ ನಿಲುಗಡೆಗಳನ್ನೆಲ್ಲ ಕೂಡಿಸಿ, ಹೆಚ್ಚು ಹೊತ್ತು ನಿಂತಲ್ಲಿ ಕೆಂಪಾಗುವಂತೆ ಬಣ್ಣ ಹಚ್ಚಿದರೆ ಹೀಟ್‌ಮ್ಯಾಪ್. ತಪ್ಪು ತಿಳಿವಳಿಕೆ ಹುಟ್ಟುವುದು ಅದರಲ್ಲಿನ ಕೆಂಪು ಕಲೆಗಳಿಂದಲೇ.

ಎರಡು ಚರಗಳ (ವೇರಿಯಬಲ್, ಬೆಲೆಯನ್ನು ಇಟ್ಟುಕೊಳ್ಳುವ ಹೆಸರು) ಬೆಲೆಯನ್ನು ಅದಲುಬದಲು ಮಾಡುವ ಮೂರು ಸಾಲುಗಳನ್ನು ತೆಗೆದುಕೊಳ್ಳಿ. ಮೊದಲ ಸಾಲು 'ಎ'ಯ ಬೆಲೆಯನ್ನು 'ಟೆಂಪ್'ನಲ್ಲಿ ಇಡುತ್ತದೆ. ಎರಡನೆಯದು 'ಬಿ'ಯ ಬೆಲೆಯನ್ನು 'ಎ'ಗೆ ಕೊಡುತ್ತದೆ. ಮೂರನೆಯದು 'ಟೆಂಪ್'ನಲ್ಲಿರುವುದನ್ನು 'ಬಿ'ಗೆ ಕೊಡುತ್ತದೆ. ಮೂವರು ವಿದ್ಯಾರ್ಥಿಗಳ ನೋಟ ಎರಡನೆಯ ಸಾಲಿನ ಮೇಲೆ ಮೂರು ಮೂರು ಸೆಕೆಂಡ್ ನಿಂತಿತು ಎನ್ನಿ. ಒಬ್ಬಳು 'ಎ'ಯ ಹಳೆಯ ಬೆಲೆ ಅಳಿದೇಹೋಯಿತಲ್ಲ ಎಂದು ತಡವರಿಸುತ್ತಿದ್ದಾಳೆ, ಮೊದಲ ಸಾಲು ಆಗಲೇ ಅವಳ ನೆನಪಿನಿಂದ ಜಾರಿದೆ. ಇನ್ನೊಬ್ಬನಿಗೆ ಎಲ್ಲವೂ ಗೊತ್ತಾಗಿದೆ, ಐದು ಮತ್ತು ಏಳು ಎಂಬ ಬೆಲೆಗಳನ್ನು ಮನಸ್ಸಿನಲ್ಲೇ ಇಟ್ಟು ಸರಿನೋಡುತ್ತಿದ್ದಾನೆ. ಮೂರನೆಯವನು ದಣಿದಿದ್ದಾನೆ, ಕಣ್ಣು ಪರದೆಯ ಮೇಲಿದ್ದರೂ ಮನಸ್ಸು ಎಲ್ಲೋ ಇದೆ. ಹೀಟ್‌ಮ್ಯಾಪ್‌ನಲ್ಲಿ ಮೂವರದೂ ಒಂದೇ ಕೆಂಪು! ಆ ಸಾಲನ್ನು ಥಟ್ಟನೆ ದಾಟಿಹೋದ ನಾಲ್ಕನೆಯವಳು ಅದಲುಬದಲನ್ನು ಒಂದೇ ನೋಟಕ್ಕೆ ಗುರುತಿಸಿರಬಹುದು, ಅಲ್ಲಿ ಏನೋ ನಡೆಯುತ್ತಿದೆ ಎಂಬುದೇ ಹೊಳೆಯದೆಯೂ ಇರಬಹುದು.

ಕಣ್ಣು ನೆಟ್ಟಲ್ಲೇ ಮನಸ್ಸು ಕೆಲಸ ಮಾಡುತ್ತಿರುತ್ತದೆ ಎಂಬ ಊಹೆಯನ್ನು 1980ರಲ್ಲಿ ಮನಶ್ಶಾಸ್ತ್ರಜ್ಞರಾದ ಜಸ್ಟ್ ಮತ್ತು ಕಾರ್ಪೆಂಟರ್ ಮುಂದಿಟ್ಟರು. ಉಪಯುಕ್ತ ಊಹೆ, ನಾನೂ ಅದನ್ನೇ ನೆಚ್ಚಿದ್ದೇನೆ. ಆದರೆ ಮನಸ್ಸು ಯಾವುದರ ಮೇಲೆ ಕೆಲಸ ಮಾಡುತ್ತಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ, ಕೆಲಸ ಕೈಗೂಡಿತೇ ಎಂಬುದನ್ನಲ್ಲ. ಇಷ್ಟು ಚಿಕ್ಕ ವ್ಯತ್ಯಾಸವನ್ನು ಮರೆತು ಪ್ರಾಜೆಕ್ಟ್ ವರದಿ ಬರೆದು ತರುವವರನ್ನು ಕಂಡರೆ ಬೇಸರವಾಗುತ್ತದೆ.

ನಿಖರತೆಯ ಮಿತಿಯೂ ಇದೆ. ಒಳ್ಳೆಯ ಯಂತ್ರವೂ ಅರ್ಧ ಡಿಗ್ರಿಯಷ್ಟು ಆಚೀಚೆ ಆಗಬಹುದು. 60 ಸೆಂಟಿಮೀಟರ್ ದೂರದ ಪರದೆಯ ಮೇಲೆ ಅದು ಸುಮಾರು 5 ಮಿಲಿಮೀಟರ್, ಹೆಚ್ಚುಕಡಿಮೆ ಕೋಡ್‌ನ ಒಂದು ಸಾಲಿನ ಎತ್ತರ. ಅಕ್ಷರವನ್ನು ದೊಡ್ಡದು ಮಾಡಿ ಸಾಲುಗಳನ್ನು ದೂರ ಇಡದಿದ್ದರೆ ಎರಡನೆಯ ಸಾಲಿನ ನೋಟ ಮೂರನೆಯದರ ಲೆಕ್ಕಕ್ಕೆ ಸೇರುತ್ತದೆ.

ಹಾಗಾಗಿ ಓದಿದ ಮೇಲೆ ವಿದ್ಯಾರ್ಥಿಯನ್ನು ಕೇಳಲೇಬೇಕು: ಔಟ್‌ಪುಟ್ ಏನು? ನೋಟದ ದಾಖಲೆಯನ್ನು ಮತ್ತೆ ಓಡಿಸಿ, ಇಲ್ಲಿ ನಿಂತಾಗ ಏನು ಯೋಚಿಸುತ್ತಿದ್ದೆ ಎಂದೂ ಕೇಳಬಹುದು. ನಿಂತ ಹೊತ್ತಿಗಿಂತ ಕಣ್ಣು ನಡೆದ ದಾರಿ ಹೆಚ್ಚು ಮಾತಾಡುತ್ತದೆ. ಮೂರನೆಯ ಸಾಲಿನ 'ಟೆಂಪ್'ನಿಂದ ಮೊದಲ ಸಾಲಿನ 'ಟೆಂಪ್'ಗೆ ನೋಟ ಹಿಂದಿರುಗಿದರೆ ನನ್ನ ಕಿವಿ ನೆಟ್ಟಗಾಗುತ್ತದೆ: ಆ ಬೆಲೆ ಎಲ್ಲಿಂದ ಬಂತೆಂದು ಹುಡುಕುತ್ತಿರಬಹುದು.

ದಾರಿಯ ಮಾತು ಬಂದದ್ದರಿಂದ, ನೀವು ಕೇಳದ ಒಂದು ಪ್ರಶ್ನೆ: ಕೋಡನ್ನು ಮೇಲಿನಿಂದ ಕೆಳಕ್ಕೆ ಓದುವುದು ತಪ್ಪೇ? ಹೊಸಬರು ಕೂಡ ಕೋಡನ್ನು ಗದ್ಯದಷ್ಟು ಸಾಲಾಗಿ ಓದುವುದಿಲ್ಲ, ಪಳಗಿದವರು ಇನ್ನೂ ಕಡಿಮೆ ಎಂದು 2015ರಲ್ಲಿ ಸಂಶೋಧಕಿ ಟೆರೇಸಾ ಬುಸ್ಯಾನ್ ಮತ್ತು ಸಂಗಡಿಗರು ತೋರಿಸಿದರು. ಇದನ್ನು ಓದಿ ವಿದ್ಯಾರ್ಥಿಗಳಿಗೆ ಜಿಗಿಯಲು ಹೇಳಬೇಡಿ. ಎಲ್ಲಿಗೆ ಹೋಗಬೇಕೆಂದು ತಿಳಿದಿರುವುದರಿಂದಲೇ ಪಳಗಿದವರು ಜಿಗಿಯುತ್ತಾರೆ. ಜಪಾನಿನ ಉವಾನೊ ತಂಡದ 2006ರ ಪ್ರಯೋಗದಲ್ಲಿ, ಆರಂಭದಲ್ಲಿ ಇಡೀ ಕೋಡಿನ ಮೇಲೆ ಕಣ್ಣಾಡಿಸಲು ಸಾಕಷ್ಟು ಹೊತ್ತು ಕೊಡದವರಿಗೆ ದೋಷ ಹುಡುಕಲು ಹೆಚ್ಚು ಸಮಯ ಹಿಡಿಯಿತು. ನನ್ನ ತರಗತಿಯಲ್ಲಿ ಮೊದಲ ಓದು ಮೇಲಿನಿಂದ ಕೆಳಕ್ಕೇ. ಎರಡನೆಯ ಓದಿಗೆ ಫಂಕ್ಷನ್ (ಹೆಸರು ಕೊಟ್ಟು ಬರೆದಿಟ್ಟ ಕೋಡ್ ತುಂಡು) ಕರೆದಲ್ಲಿ ಎಡಗೈ ಬೆರಳು, ಅದನ್ನು ಬರೆದಿರುವಲ್ಲಿ ಬಲಗೈ ಬೆರಳು ಇಡಿಸುತ್ತೇನೆ.