ವಿಡಿಯೊ ನೋಡಿದ ಮೇಲೂ ರಗ್ಬಿಯಲ್ಲಿ ಜಗಳ ಯಾಕೆ ಮುಗಿಯುವುದಿಲ್ಲ?

ಓದುಗರ ಪ್ರಶ್ನೆ: ಈಚೆಗೆ ರಗ್ಬಿ ನೋಡಲು ಶುರು ಮಾಡಿದ್ದೇನೆ. ಒಬ್ಬರು ಪರದೆ ಮುಂದೆ ಕೂತು ಹತ್ತು ಸಲ ರೀಪ್ಲೇ ನೋಡಿ ರೆಫರಿಗೆ ಹೇಳುತ್ತಾರೆ. ಆದರೂ ದೊಡ್ಡ ಪಂದ್ಯ ಮುಗಿದ ಮೇಲೆ ‘ಮೋಸ, ಮೋಸ’ ಅನ್ನುವ ಕೂಗು ತಪ್ಪುವುದಿಲ್ಲ. ವಿಡಿಯೊ ರೆಫರಿ ಯಾವ ದೇಶದವರು ಅನ್ನುವುದರ ಮೇಲೆ ತೀರ್ಪು ಬದಲಾಗುತ್ತದಾ?

ಉತ್ತರ: ಇದರಲ್ಲಿ ಎರಡು ಪ್ರಶ್ನೆ ಅಂಟಿಕೊಂಡಿವೆ. ಜಗಳ ಯಾಕೆ ಮುಗಿಯುವುದಿಲ್ಲ ಅನ್ನುವುದು ಒಂದು. ದೇಶದ ಲೆಕ್ಕ ಎಷ್ಟು ಅನ್ನುವುದು ಇನ್ನೊಂದು. ಎರಡಕ್ಕೂ ಒಂದೇ ಉತ್ತರ ಅಂದುಕೊಳ್ಳುವುದರಿಂದಲೇ ಅರ್ಧ ಗಲಾಟೆ. ನನ್ನನ್ನು ಕೇಳಿದರೆ, ವಿಡಿಯೊ ನೋಡುವವರ ದೇಶಕ್ಕಿಂತ ಜಾಸ್ತಿ ತಲೆನೋವು ಕೊಡುವುದು ಇದು: ವಿಡಿಯೊ ಯಾವಾಗ ನೋಡಬಹುದು, ಎಷ್ಟು ಹಿಂದಕ್ಕೆ ಹೋಗಿ ನೋಡಬಹುದು?

ವೇಯ್ನ್ ಬಾರ್ನ್ಸ್ ಅನ್ನುವ ಇಂಗ್ಲೆಂಡಿನ ರೆಫರಿಯಿಂದ ಶುರು ಮಾಡೋಣ. 2007ರ ವಿಶ್ವಕಪ್ ಕ್ವಾರ್ಟರ್ ಫೈನಲ್. ಕಾರ್ಡಿಫ್‌ನಲ್ಲಿ ನ್ಯೂಜಿಲೆಂಡ್ ಮತ್ತು ಫ್ರಾನ್ಸ್ ಪಂದ್ಯ. ಬಾರ್ನ್ಸ್‌ಗೆ ಆಗ 28 ವರ್ಷ. ಕೊನೆಯ ಹತ್ತು ಹನ್ನೆರಡು ನಿಮಿಷ ಉಳಿದಿದ್ದಾಗ ಫ್ರಾನ್ಸ್‌ನ ಟ್ರಾಯ್ ಚೆಂಡನ್ನು ಮಿಶಲಾಕ್‌ಗೆ ಎಸೆದರು. ಮಿಶಲಾಕ್ ಬಿಟ್ಟ ಬಾಣದ ಹಾಗೆ ಓಡಿದರು. ಮುಂದೆ ಜೋಜಿಯೊನ್ ಟ್ರೈ ಮುಗಿಸಿದರು, ಅಂದರೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರು. ರಗ್ಬಿಯಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಹಿಂದಕ್ಕೋ ಪಕ್ಕಕ್ಕೋ ಎಸೆಯಬೇಕು. ಆ ಪಾಸ್ ಮುಂದಕ್ಕೆ ಹೋಗಿತ್ತು. ಟಿವಿ ಮುಂದೆ ಕೂತವರಿಗೆ ಕಂಡಿತು, ಬಾರ್ನ್ಸ್‌ಗೆ ಕಾಣಲಿಲ್ಲ. ಫ್ರಾನ್ಸ್ 20–18ರಲ್ಲಿ ಗೆದ್ದಿತು. ನ್ಯೂಜಿಲೆಂಡ್‌ನಲ್ಲಿ ಬಾರ್ನ್ಸ್ ಹೆಸರು ಬೈಗುಳವೇ ಆಗಿಬಿಟ್ಟಿತು.

ವಿಡಿಯೊ ರೆಫರಿ ಆಗಲೂ ಇದ್ದರು. ಟೆಲಿವಿಷನ್ ಮ್ಯಾಚ್ ಅಫಿಷಿಯಲ್ ಅನ್ನುವುದನ್ನು ಮೊಟಕು ಮಾಡಿ ಎಲ್ಲರೂ ಟಿಎಂಒ ಅನ್ನುತ್ತಾರೆ. ಆದರೆ ಆಗಿನ ನಿಯಮದಲ್ಲಿ ಅವರು ನೋಡಬಹುದಾಗಿದ್ದದ್ದು ಟ್ರೈ ಹೊಡೆಯುವ ಗಳಿಗೆಯನ್ನು ಮಾತ್ರ. ಚೆಂಡು ನೆಲ ಮುಟ್ಟಿತಾ, ಕಾಲು ಗೆರೆ ಆಚೆ ಹೋಯಿತಾ, ಇಷ್ಟೇ. ಅದಕ್ಕೂ ಮುಂಚೆ ನಡೆದ ಪಾಸ್ ಬಗ್ಗೆ ಬಾಯಿ ಬಿಡುವಂತಿರಲಿಲ್ಲ. ಕಣ್ಣಿತ್ತು, ನೋಡುವ ಅಧಿಕಾರ ಇರಲಿಲ್ಲ.

ಈಗ 16 ವರ್ಷ ದಾಟಿ ಬನ್ನಿ. 28 ಅಕ್ಟೋಬರ್ 2023, ಪ್ಯಾರಿಸ್ ಹೊರವಲಯದ ಸ್ಟಾಡ್ ಡಿ ಫ್ರಾನ್ಸ್. ನಮ್ಮಲ್ಲಿ ಮಧ್ಯರಾತ್ರಿ ಹನ್ನೆರಡೂವರೆ. ವಿಶ್ವಕಪ್ ಫೈನಲ್, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ. ರೆಫರಿ ಅದೇ ಬಾರ್ನ್ಸ್. ಟಿಎಂಒ ಟಾಮ್ ಫೋಲಿ. ದ್ವಿತೀಯಾರ್ಧದಲ್ಲಿ ನ್ಯೂಜಿಲೆಂಡ್‌ನ ಆರನ್ ಸ್ಮಿತ್ ಟ್ರೈ ಹೊಡೆದರು. ಸಂಭ್ರಮ ನಡೆಯುತ್ತಿದ್ದಾಗಲೇ ಫೋಲಿ ಬಾರ್ನ್ಸ್ ಕಿವಿಯಲ್ಲಿ ಹೇಳಿದರು: ಇದಕ್ಕೂ ಮುಂಚೆ ಲೈನ್‌ಔಟ್‌ನಲ್ಲಿ (ಬದಿಗೆರೆ ದಾಟಿದ ಚೆಂಡನ್ನು ಮತ್ತೆ ಒಳಕ್ಕೆ ಎಸೆಯುವಾಗ) ಆರ್ಡಿ ಸವೇಯಾ ಕೈಯಿಂದ ಚೆಂಡು ಮುಂದಕ್ಕೆ ಜಾರಿದೆ. ರಗ್ಬಿಯಲ್ಲಿ ಇದು ನಾಕ್ ಆನ್ ಅನ್ನುವ ತಪ್ಪು. ಟ್ರೈ ರದ್ದಾಯಿತು.

ರೀಪ್ಲೇ ನೋಡಿದರೆ ಚೆಂಡು ಜಾರಿದ್ದು ನಿಜ. ಹಾಗಾದರೆ ಜಗಳ ಎಲ್ಲಿಂದ ಬಂತು? ಒಂದು ಟ್ಯಾಕಲ್ (ಚೆಂಡು ಇರುವವನನ್ನು ಹಿಡಿದು ಕೆಡವುವುದು) ಆಗಿ, ಮೇಲೆ ಗುಂಪು ಬಿದ್ದು, ಚೆಂಡು ಮತ್ತೆ ಹೊರಗೆ ಬರುವವರೆಗಿನ ಆಟವನ್ನು ಒಂದು ಫೇಸ್ ಅನ್ನುತ್ತಾರೆ. ಇಂಥ ನಾಕ್ ಆನ್ ಹುಡುಕಲು ಟಿಎಂಒ ಎರಡು ಫೇಸ್ ಹಿಂದಕ್ಕೆ ಹೋಗಬಹುದು ಅಂತ ಆಗಿನ ನಿಯಮ. ಇದು ನಾಲ್ಕು ಫೇಸ್ ಹಿಂದಿನದು. ಅಂದರೆ ಕಂಡದ್ದು ಸರಿ, ನೋಡಿದ್ದು ತಪ್ಪು! ನ್ಯೂಜಿಲೆಂಡ್ ಸೋತದ್ದು 11–12ರಲ್ಲಿ, ಒಂದೇ ಒಂದು ಪಾಯಿಂಟ್‌ನಿಂದ. ಆಮೇಲೆ ಬ್ಯೂಡನ್ ಬ್ಯಾರೆಟ್ ಒಂದು ಟ್ರೈ ಹೊಡೆದರು, ಜೋರ್ಡಿ ಬ್ಯಾರೆಟ್ ಒದ್ದ ಒಂದು ಪೆನಾಲ್ಟಿ (ಎದುರಾಳಿಯ ತಪ್ಪಿಗೆ ಸಿಗುವ, ಮೂರು ಪಾಯಿಂಟ್‌ನ ಒದೆತ) ಗುರಿ ತಪ್ಪಿತು. ಅದನ್ನೆಲ್ಲ ಯಾರೂ ಜಾಸ್ತಿ ನೆನೆಯುವುದಿಲ್ಲ. ರದ್ದಾದ ಟ್ರೈ ಮಾತ್ರ ಎಲ್ಲರಿಗೂ ನೆನಪಿದೆ.

ಒಂದೇ ರೆಫರಿ, ಅನ್ಯಾಯವಾಯಿತು ಅನ್ನುವ ತಂಡವೂ ಒಂದೇ. ಮೊದಲ ಸಲ ಕ್ಯಾಮೆರಾ ನೋಡಲಿಲ್ಲ ಅಂತ ಸಿಟ್ಟು. ಎರಡನೇ ಸಲ ಜಾಸ್ತಿ ನೋಡಿತು ಅಂತ ಸಿಟ್ಟು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಸ್ವಲ್ಪ ವಿಚಿತ್ರ ಅನ್ನಿಸುತ್ತದೆ. ಕ್ರಿಕೆಟ್‌ನಲ್ಲಿ ಪ್ರತಿ ಎಸೆತಕ್ಕೂ ಒಂದು ಆದಿ, ಒಂದು ಅಂತ್ಯ ಇದೆ. ನೋ ಬಾಲ್ ಆಯಿತಾ, ಬ್ಯಾಟ್ ತಾಗಿತಾ, ಸ್ಟಂಪ್‌ಗೆ ಹೋಗುತ್ತಿತ್ತಾ. ಅಲ್ಲಿಗೆ ಮುಗಿಯಿತು. ರಗ್ಬಿಯಲ್ಲಿ ಆಟ ಹರಿಯುತ್ತಲೇ ಇರುತ್ತದೆ. ಒಂದೊಂದು ಟ್ಯಾಕಲ್ ಮೇಲೆ ಏಳೆಂಟು ಜನ ಬೀಳುತ್ತಾರೆ. ಯಾವುದೇ ಒಂದು ನಿಮಿಷವನ್ನು ಭೂತಕನ್ನಡಿ ಇಟ್ಟು ನೋಡಿ, ಒಂದಲ್ಲ ಒಂದು ತಪ್ಪು ಸಿಕ್ಕೇ ಸಿಗುತ್ತದೆ. ಆದ್ದರಿಂದ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಎಲ್ಲಿ ಎಳೆದರೂ ಆ ಗೆರೆಯ ಆಚೆ ಯಾರದೋ ಟ್ರೈ ಬಿದ್ದಿರುತ್ತದೆ.

ಈ ಗೆರೆಯ ಸಂಕಟ ನೋಡಬೇಕಾದರೆ ಇನ್ನೆರಡು ಪಂದ್ಯಗಳನ್ನು ಪಕ್ಕಪಕ್ಕ ಇಡಬೇಕು. 2015ರ ವಿಶ್ವಕಪ್ ಕ್ವಾರ್ಟರ್ ಫೈನಲ್, ಟ್ವಿಕೆನ್‌ಹ್ಯಾಮ್. ಕೊನೆ ನಿಮಿಷಗಳಲ್ಲಿ ಸ್ಕಾಟ್ಲೆಂಡ್ ಆಸ್ಟ್ರೇಲಿಯಾಗಿಂತ 34–32ರಲ್ಲಿ ಮುಂದಿತ್ತು. ರೆಫರಿ ದಕ್ಷಿಣ ಆಫ್ರಿಕಾದ ಕ್ರೇಗ್ ಜೂಬರ್ಟ್. ಸ್ಕಾಟ್ಲೆಂಡ್‌ನ ಜಾನ್ ವೆಲ್ಷ್ ಆಫ್‌ಸೈಡ್ ಜಾಗದಲ್ಲಿ, ಅಂದರೆ ಚೆಂಡು ಆಡಿದ ತನ್ನ ಕಡೆಯವನಿಗಿಂತ ಮುಂದೆ ಇದ್ದು, ಚೆಂಡು ಹಿಡಿದರು ಅಂತ ಅವರು ಪೆನಾಲ್ಟಿ ಕೊಟ್ಟರು. ಆಸ್ಟ್ರೇಲಿಯಾದ ಬರ್ನಾರ್ಡ್ ಫೋಲಿ ಒದ್ದರು, ಆಸ್ಟ್ರೇಲಿಯಾ 35–34. ಸೀಟಿ ಊದಿದ್ದೇ ತಡ, ಜೂಬರ್ಟ್ ಯಾರ ಕೈಯನ್ನೂ ಕುಲುಕದೆ ಓಡಿ ಒಳಗೆ ಹೋದರು. ನಡುವೆ ಆಸ್ಟ್ರೇಲಿಯಾದ ಆಟಗಾರನ ಕೈ ಚೆಂಡಿಗೆ ತಾಗಿತ್ತು. ಹಾಗಾಗಿ ಪೆನಾಲ್ಟಿ ಕೊಡಬೇಕಿರಲಿಲ್ಲ, ಸ್ಕ್ರಮ್ (ಎರಡೂ ಕಡೆಯವರು ಗುಂಪು ಕಟ್ಟಿ ತಳ್ಳಾಡಿ ಚೆಂಡಿಗೆ ಪೈಪೋಟಿ ಮಾಡುವುದು) ಕೊಡಬೇಕಿತ್ತು ಅಂತ ಮಾರನೇ ದಿನ ವರ್ಲ್ಡ್ ರಗ್ಬಿ ಸಂಸ್ಥೆಯೇ ಹೇಳಿತು. ‘ಹಾಗಿದ್ದರೆ ಟಿಎಂಒನ ಯಾಕೆ ಕೇಳಲಿಲ್ಲ?’ ಅಂತ ಜನ ಕೇಳಿದರು. ಕೇಳುವಂತಿರಲಿಲ್ಲ. ಆ ಬಗೆಯ ತೀರ್ಪಿಗೆ ವಿಡಿಯೊ ನೋಡಲು ನಿಯಮ ಬಿಡುತ್ತಿರಲಿಲ್ಲ. ಜೂಬರ್ಟ್ ನಿಯಮ ಮೀರಲಿಲ್ಲ, ಬೈಸಿಕೊಂಡರು.

ಎರಡು ವರ್ಷ ಆದ ಮೇಲೆ, ಜುಲೈ 2017. ಆಕ್ಲೆಂಡ್‌ನ ಈಡನ್ ಪಾರ್ಕ್. ನ್ಯೂಜಿಲೆಂಡ್ ಎದುರು ಬ್ರಿಟಿಷ್ ಅಂಡ್ ಐರಿಷ್ ಲಯನ್ಸ್. ಇದು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ಆಟಗಾರರನ್ನು ಕೂಡಿಸಿ ಕಟ್ಟುವ ತಂಡ. ಮೂರನೇ ಮತ್ತು ಕೊನೆಯ ಟೆಸ್ಟ್ (ರಗ್ಬಿಯಲ್ಲಿ ಅಂತರರಾಷ್ಟ್ರೀಯ ಪಂದ್ಯಕ್ಕೆ ಹೀಗೆ ಅನ್ನುತ್ತಾರೆ), ಸ್ಕೋರ್ 15–15, ಇನ್ನೇನು ಮುಗಿಯಬೇಕು. ಫ್ರಾನ್ಸ್‌ನ ರೆಫರಿ ರೊಮೇನ್ ಪೊಯ್ಟ್ ಲಯನ್ಸ್‌ನ ಕೆನ್ ಓವೆನ್ಸ್ ಆಫ್‌ಸೈಡ್ ಅಂತ ನ್ಯೂಜಿಲೆಂಡ್‌ಗೆ ಪೆನಾಲ್ಟಿ ಕೊಟ್ಟರು. ಸರಣಿ ಗೆಲ್ಲುವ ಪೆನಾಲ್ಟಿ. ಆಮೇಲೆ ವಿಡಿಯೊ ನೋಡಿದರು, ಸಹಾಯಕರ ಜೊತೆ ಮಾತಾಡಿದರು, ಮನಸ್ಸು ಬದಲಿಸಿದರು. ಬೇಕಂತ ಮಾಡಿದ್ದಲ್ಲ, ಆಕಸ್ಮಿಕ ಆಫ್‌ಸೈಡ್, ಸ್ಕ್ರಮ್ ಸಾಕು ಅಂದರು. ಪಂದ್ಯ ಡ್ರಾ, ಸರಣಿಯೂ ಡ್ರಾ. ನೋಡಬಾರದ ವಿಷಯಕ್ಕೆ ವಿಡಿಯೊ ಬಳಸಿಕೊಂಡರು ಅಂತ ನ್ಯೂಜಿಲೆಂಡ್ ಅಭಿಮಾನಿಗಳು ಇವತ್ತಿಗೂ ಹಲ್ಲು ಕಡಿಯುತ್ತಾರೆ. ನಿಯಮವನ್ನು ಸ್ವಲ್ಪ ಬಗ್ಗಿಸಿದ ಪೊಯ್ಟ್ ಕೂಡ ಬೈಸಿಕೊಂಡರು. ಪಾಪ, ಯಾವ ಕಡೆ ಹೋದರೂ ಗುಂಡಿಯೇ.

ಈಗ ನಿಮ್ಮ ದೇಶದ ಪ್ರಶ್ನೆಗೆ ಬರೋಣ. ದೇಶ ದೇಶಗಳ ನಡುವಿನ ಟೆಸ್ಟ್‌ಗಳಿಗೆ ಸಾಮಾನ್ಯವಾಗಿ ಮೂರನೇ ದೇಶದವರನ್ನೇ ರೆಫರಿ, ಟಿಎಂಒ ಮಾಡುತ್ತಾರೆ. ಇದು ಮುರಿದುಬಿದ್ದದ್ದು ಕೋವಿಡ್ ಕಾಲದಲ್ಲಿ. ಜುಲೈ 2021, ಕೇಪ್ ಟೌನ್, ದಕ್ಷಿಣ ಆಫ್ರಿಕಾ ಮತ್ತು ಲಯನ್ಸ್ ನಡುವೆ ಮೊದಲ ಟೆಸ್ಟ್. ಟಿಎಂಒ ಆಗಬೇಕಿದ್ದ ನ್ಯೂಜಿಲೆಂಡ್‌ನವರಿಗೆ ಪ್ರಯಾಣ ಮಾಡಲು ಆಗಲಿಲ್ಲ. ಅವರ ಜಾಗಕ್ಕೆ ದಕ್ಷಿಣ ಆಫ್ರಿಕಾದವರೇ ಆದ ಮೇರಿಯಸ್ ಯೊಂಕರ್ ಬಂದರು. ಲಯನ್ಸ್ ಕೋಚ್ ವಾರೆನ್ ಗ್ಯಾಟ್‌ಲ್ಯಾಂಡ್ ಗರಂ ಆದರು. ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ?

ಪಂದ್ಯದಲ್ಲಿ ಆದದ್ದೇ ಬೇರೆ. ವಿಡಿಯೊ ನೋಡಿ ದಕ್ಷಿಣ ಆಫ್ರಿಕಾದ ಎರಡು ಟ್ರೈಗಳನ್ನು ರದ್ದು ಮಾಡಿದರು. ವಿಲ್ಲಿ ಲೆ ರು ಹೊಡೆದ ಒಂದು ಕೂದಲೆಳೆಯ ಆಫ್‌ಸೈಡ್‌ಗೆ ಹೋಯಿತು. ಲಯನ್ಸ್ 22–17ರಲ್ಲಿ ಗೆದ್ದರು. ತನ್ನ ನಾಡಿನ ತಂಡದ ಬಾಯಿಗೆ ಬಂದ ತುತ್ತನ್ನು ಯೊಂಕರ್ ಕಿತ್ತುಕೊಂಡ ಹಾಗೆ ಆಯಿತು. ಆಮೇಲೆ ಸಿಡಿದೆದ್ದವರು ದಕ್ಷಿಣ ಆಫ್ರಿಕಾದ ರಗ್ಬಿ ನಿರ್ದೇಶಕ ರಾಸಿ ಎರಾಸ್ಮಸ್. ರೆಫರಿಯ ತಪ್ಪುಗಳನ್ನು ಒಂದೊಂದಾಗಿ ಎಣಿಸುವ 62 ನಿಮಿಷದ ವಿಡಿಯೊ ಮಾಡಿದರು. ಅದು ಜಗತ್ತಿಗೆಲ್ಲ ಹರಡಿತು. ಅವರ ಸಿಟ್ಟು ಯಾರ ಮೇಲೆ ಗೊತ್ತಾ? ಮೈದಾನದಲ್ಲಿದ್ದ ಆಸ್ಟ್ರೇಲಿಯಾದ ನಿಕ್ ಬೆರಿ ಮೇಲೆ. ಯಾವ ಕಡೆಗೂ ಸೇರದ ಮನುಷ್ಯ ಅವರೇ! ಎರಾಸ್ಮಸ್‌ಗೆ ಎರಡು ತಿಂಗಳು ಎಲ್ಲ ರಗ್ಬಿ ಕೆಲಸದಿಂದ ನಿಷೇಧ ಬಿತ್ತು. ಪಂದ್ಯದ ದಿನ ತಂಡದ ಜೊತೆ ಇರಬಾರದು ಅನ್ನುವ ನಿಷೇಧ 2022ರ ಸೆಪ್ಟೆಂಬರ್ ಕೊನೆವರೆಗೂ ಇತ್ತು.

ಅದೇ ವರ್ಷ ನಮ್ಮಲ್ಲೂ ಹೀಗೇ ಆಗಿತ್ತು. 2021ರ ಶುರುವಿನಲ್ಲಿ ಇಂಗ್ಲೆಂಡ್ ಕ್ರಿಕೆಟ್ ತಂಡ ಭಾರತಕ್ಕೆ ಬಂದಾಗ ಕೋವಿಡ್ ಕಾರಣಕ್ಕೆ ಅಂಪೈರ್‌ಗಳೆಲ್ಲ ಭಾರತದವರೇ. ಮ್ಯಾಚ್ ರೆಫರಿ ನಮ್ಮ ಜಾವಗಲ್ ಶ್ರೀನಾಥ್. ಐಸಿಸಿ ಅದಕ್ಕೆ ಪರಿಹಾರ ಅಂತ ಪ್ರತಿ ಇನ್ನಿಂಗ್ಸ್‌ಗೆ ಒಂದು ರಿವ್ಯೂ ಜಾಸ್ತಿ ಕೊಟ್ಟಿತ್ತು. ಅಹಮದಾಬಾದ್ ಟೆಸ್ಟ್‌ನ ಮೊದಲ ದಿನ ಥರ್ಡ್ ಅಂಪೈರ್ ಬೇಗ ಬೇಗ ತೀರ್ಪು ಕೊಟ್ಟರು ಅಂತ ಇಂಗ್ಲೆಂಡ್ ನಾಯಕ ಮತ್ತು ಕೋಚ್ ಶ್ರೀನಾಥ್ ಹತ್ತಿರ ಹೋಗಿ ಮಾತಾಡಿದರು. ಅವರ ತಕರಾರು ಗಮನಿಸಿ: ‘ಎಲ್ಲ ಕೋನಗಳನ್ನೂ ನೋಡಲಿಲ್ಲ’. ರಗ್ಬಿಯವರದೂ ಇದೇ ಮಾತು.

ಹಾಗಂತ ಹೊರಗಿನವರು ಬಂದರೆ ತಪ್ಪು ಆಗುವುದಿಲ್ಲ ಅಂತಲೂ ಇಲ್ಲ. 2018ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಪಂದ್ಯಕ್ಕೆ ಟಿಎಂಒ ಆಗಿದ್ದವರು ನ್ಯೂಜಿಲೆಂಡ್‌ನ ಗ್ಲೆನ್ ನ್ಯೂಮನ್. ವೇಲ್ಸ್‌ನ ಗ್ಯಾರೆತ್ ಆನ್ಸ್‌ಕೋಂಬ್ ಚೆಂಡನ್ನು ನೆಲಕ್ಕೆ ಒತ್ತಿದರೂ ಅವರು ಟ್ರೈ ಕೊಡಲಿಲ್ಲ. ವೇಲ್ಸ್ 6–12ರಲ್ಲಿ ಸೋತಿತು. ಅದು ತಪ್ಪು ತೀರ್ಪು ಅಂತ ಆಮೇಲೆ ವರ್ಲ್ಡ್ ರಗ್ಬಿ ವೇಲ್ಸ್‌ಗೆ ತಿಳಿಸಿತು. ಪಾಯಿಂಟ್ ಮಾತ್ರ ವಾಪಸ್ ಬರಲಿಲ್ಲ.

ಇನ್ನೊಂದು ವಿಷಯ ನೀವು ಪಂದ್ಯ ನೋಡುವಾಗ ಗಮನಿಸಿ. ರಗ್ಬಿಯಲ್ಲಿ ರೆಫರಿಯ ಮೈಕ್ ನಮಗೂ ಕೇಳಿಸುತ್ತದೆ, ಇದು ನನಗೆ ಈ ಆಟದಲ್ಲಿ ತುಂಬಾ ಇಷ್ಟ. ವಿಡಿಯೊಗೆ ಹೋಗುವ ಮುಂಚೆ ರೆಫರಿ ಸಾಮಾನ್ಯವಾಗಿ ತಾನು ಅಂದುಕೊಂಡದ್ದನ್ನು ಹೇಳಿಬಿಡುತ್ತಾರೆ: ‘ನನ್ನ ತೀರ್ಪು ಟ್ರೈ’ ಅಥವಾ ‘ಟ್ರೈ ಅಲ್ಲ’. ಅದನ್ನು ತಿರುಗಿಸಬೇಕಾದರೆ ಟಿಎಂಒಗೆ ಕಣ್ಣಿಗೆ ರಾಚುವ ಸಾಕ್ಷಿ ಬೇಕು. ನಮ್ಮ ಅಂಪೈರ್ಸ್ ಕಾಲ್‌ನ ಅಣ್ಣ ಅನ್ನಿ. 2024ರ ಫೆಬ್ರವರಿಯಲ್ಲಿ ಎಡಿನ್‌ಬರೋದ ಮರೀಫೀಲ್ಡ್‌ನಲ್ಲಿ ಸ್ಕಾಟ್ಲೆಂಡ್‌ನ ಸ್ಯಾಮ್ ಸ್ಕಿನರ್ ಕೊನೇ ಗಳಿಗೆಯಲ್ಲಿ ಫ್ರಾನ್ಸ್ ಗೆರೆ ದಾಟಿ ಬಿದ್ದರು. ಚೆಂಡು ಒಬ್ಬನ ಕಾಲಿನ ಮೇಲಿತ್ತಾ, ನೆಲದ ಮೇಲಿತ್ತಾ? ಮೈದಾನದ ತೀರ್ಪು ‘ಟ್ರೈ ಅಲ್ಲ’ ಅಂತ ಇತ್ತು. ಚೆಂಡು ನೆಲಕ್ಕೆ ತಾಗಿದ ಹಾಗೆ ಕಂಡರೂ ಅದು ಸಾಲದು ಅಂತ ಆಯಿತು. ಫ್ರಾನ್ಸ್ 20–16. ಅವತ್ತಿನ ರೆಫರಿಯೂ ನಿಕ್ ಬೆರಿಯೇ. ಅವರು ಮೊದಲೇ ‘ಟ್ರೈ’ ಅಂದಿದ್ದರೆ ಅದೇ ರೀಪ್ಲೇ ಇಟ್ಟುಕೊಂಡು ಟ್ರೈ ರದ್ದು ಮಾಡುವುದೂ ಕಷ್ಟವಿತ್ತು.

ಕೆಂಪು ಕಾರ್ಡ್ ವಿಚಾರಕ್ಕೆ ಈಗ ಬಂಕರ್ ಅಂತ ಒಂದು ಮಾಡಿದ್ದಾರೆ. ರೆಫರಿ ಹಳದಿ ಕಾರ್ಡ್ ತೋರಿಸಿ ಆಟ ಮುಂದುವರಿಸುತ್ತಾರೆ. ಬೇರೆ ಕೋಣೆಯಲ್ಲಿ ಕೂತವರು ಎಂಟು ನಿಮಿಷದೊಳಗೆ ಅದನ್ನು ಕೆಂಪು ಮಾಡಬೇಕಾ ಅಂತ ಹೇಳುತ್ತಾರೆ. ಅದೇ 2023ರ ಫೈನಲ್‌ನಲ್ಲಿ ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್‌ರ ಹಳದಿ ಕೆಂಪಾಯಿತು. ದಕ್ಷಿಣ ಆಫ್ರಿಕಾ ನಾಯಕ ಸಿಯಾ ಕೊಲಿಸಿಯದು ಹಳದಿಯಾಗೇ ಉಳಿಯಿತು. ಇಬ್ಬರೂ ಎದುರಾಳಿಯ ತಲೆಗೆ ತಾಗಿದ್ದರು. ಒಂದಕ್ಕೊಂದು ಯಾಕೆ ಹೊಂದಲಿಲ್ಲ ಅಂತ ನ್ಯೂಜಿಲೆಂಡ್‌ನ ಚಹಾ ಅಂಗಡಿಗಳಲ್ಲಿ ಇನ್ನೂ ವಾದ ನಡೆಯುತ್ತಿರಬಹುದು.

ಆ ಫೈನಲ್‌ನ ನಾಲ್ಕೂ ಜನ, ರೆಫರಿ, ಇಬ್ಬರು ಸಹಾಯಕರು, ಟಿಎಂಒ, ಎಲ್ಲರೂ ಇಂಗ್ಲೆಂಡಿನವರು. ಕಾಗದದ ಮೇಲೆ ಪಕ್ಕಾ ಹೊರಗಿನವರು. ಆದರೂ ಟಿಎಂಒ ಟಾಮ್ ಫೋಲಿಗೆ ಬಂದ ಬೆದರಿಕೆಗಳು ಎಷ್ಟಿದ್ದವೆಂದರೆ ಅವರು ಅಂತರರಾಷ್ಟ್ರೀಯ ಪಂದ್ಯಗಳಿಂದ ಹಿಂದೆ ಸರಿದರು. ಬಾರ್ನ್ಸ್ 111 ಟೆಸ್ಟ್‌ಗಳ ಲೆಕ್ಕ ಮುಗಿಸಿ ನಿವೃತ್ತರಾದರು. ಅದಕ್ಕೂ ಒಂದು ವರ್ಷ ಮುಂಚೆ ಮಾರ್ಸೇಯಲ್ಲಿ ದಕ್ಷಿಣ ಆಫ್ರಿಕಾ ಸೋತಾಗ ಆ ಕಡೆಯವರೂ ಇದೇ ಬಾರ್ನ್ಸ್ ಮೇಲೆ ಮುಗಿಬಿದ್ದಿದ್ದರು.

ಹಾಗಿದ್ದರೂ ಮೂರನೇ ದೇಶದವರನ್ನೇ ಕೂರಿಸುವುದು ಒಳ್ಳೆಯದು ಅಂತಲೇ ನಾನು ಹೇಳುತ್ತೇನೆ. ತೀರ್ಪು ಸುಧಾರಿಸುತ್ತದೆ ಅಂತಲ್ಲ. ಯೊಂಕರ್ ತರಹದವರು ಸುಮ್ನೆ ಅನುಮಾನದ ಮೂಟೆ ಹೊತ್ತು ಕೆಲಸ ಮಾಡಬೇಕಾಗುವುದಿಲ್ಲ ಅಂತ. ಆದರೆ ಇದಕ್ಕೂ ಒಂದು ಬೆಲೆ ಇದೆ. ಒಳ್ಳೆಯ ರೆಫರಿಗೆ ಫೈನಲ್ ಸಿಗಬೇಕಾದರೆ ಅವರ ದೇಶ ಮೊದಲೇ ಸೋತಿರಬೇಕು. ಫೈನಲ್‌ಗೆ ಒಂದು ವಾರ ಮುಂಚೆ ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಇಂಗ್ಲೆಂಡನ್ನು 16–15ರಲ್ಲಿ ಸೋಲಿಸಿತ್ತು. ಅವತ್ತು ಇಂಗ್ಲೆಂಡ್ ಇನ್ನೆರಡು ಪಾಯಿಂಟ್ ಗಳಿಸಿದ್ದರೆ ಬಾರ್ನ್ಸ್ ಫೈನಲ್ ಅನ್ನು ನಮ್ಮ ಹಾಗೆ ಟಿವಿಯಲ್ಲೇ ನೋಡಬೇಕಿತ್ತು.