ಎಂಟು ಜನರ ದೋಣಿಯ ಲೆಕ್ಕ

ರೋಯಿಂಗ್‌ನಲ್ಲಿ ನನಗೆ ತುಂಬಾ ಇಷ್ಟವಾದ ಲೆಕ್ಕ ಒಂದಿದೆ. ದೊಡ್ಡ ಪಂದ್ಯಗಳಲ್ಲಿ ಸಾಮಾನ್ಯವಾಗಿ ದೂರ 2000 ಮೀಟರ್. ಒಬ್ಬನೇ ಹುಟ್ಟು ಹಾಕಿದರೆ, ಜಗತ್ತಿನ ಅತಿ ವೇಗದ ಆಟಗಾರನಿಗೂ ಸುಮಾರು ಆರೂವರೆ ನಿಮಿಷ ಬೇಕು. ಎಂಟು ಜನರ ದೋಣಿಗೆ ಐದು ನಿಮಿಷ ಇಪ್ಪತ್ತು ಸೆಕೆಂಡಿನ ಆಸುಪಾಸು. ಬಲ ಎಂಟು ಪಟ್ಟು, ವೇಗ ಮಾತ್ರ ಕಾಲು ಭಾಗದಷ್ಟೂ ಜಾಸ್ತಿ ಆಗಲಿಲ್ಲ! ಉಳಿದ ಬಲ ಎಲ್ಲಿ ಹೋಯಿತು?

ನೀರು ತಿಂದುಹಾಕಿತು. ವೇಗ ಎರಡು ಪಟ್ಟಾದರೆ ನೀರಿನ ತಡೆ ನಾಲ್ಕು ಪಟ್ಟಾಗುತ್ತದೆ. ಆ ತಡೆಯನ್ನು ಎರಡು ಪಟ್ಟು ವೇಗದಲ್ಲಿ ನೂಕಿಕೊಂಡು ಹೋಗಬೇಕು ಅಲ್ವಾ? ಹಾಗಾಗಿ ಬೇಕಾಗುವ ಶಕ್ತಿ ಎಂಟು ಪಟ್ಟು. ಎಂಟು ಜನ ದುಡಿದರೂ ಹೆಚ್ಚೆಂದರೆ ದುಪ್ಪಟ್ಟು ವೇಗ. ಅದೂ ದೋಣಿ ಮೊದಲಿನಷ್ಟೇ ಇದ್ದರೆ. ಎಂಟು ಜನರ ಭಾರ ಹೊರುವ ದೋಣಿಯ ಮೈ ನಾಲ್ಕು ಪಟ್ಟು ಜಾಸ್ತಿ ನೀರಿಗೆ ಉಜ್ಜುತ್ತದೆ. ಎಲ್ಲ ಸೇರಿಸಿ ನೋಡಿದರೆ ಸಿಗುವುದು 1.26 ಪಟ್ಟು. 1971ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿ ಥಾಮಸ್ ಮೆಕ್‌ಮಹೊನ್ ಈ ಲೆಕ್ಕವನ್ನು ನಿಜವಾದ ಪಂದ್ಯಗಳ ಸಮಯದ ಪಕ್ಕ ಇಟ್ಟು ನೋಡಿದರು. ಚೆನ್ನಾಗಿ ಹೊಂದಿತು.

ದೋಣಿಗಳಲ್ಲಿ ಎರಡು ಬಗೆ. ಸ್ಕಲ್ಲಿಂಗ್‌ನಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಎರಡು ಹುಟ್ಟು. ಒಬ್ಬರು, ಇಬ್ಬರು ಅಥವಾ ನಾಲ್ವರು ಕೂರುತ್ತಾರೆ. ಸ್ವೀಪ್‌ನಲ್ಲಿ ಒಬ್ಬರಿಗೆ ಒಂದೇ ಹುಟ್ಟು, ಆದ್ದರಿಂದ ಜೋಡಿ ಬೇಕೇ ಬೇಕು. ಇಲ್ಲದಿದ್ದರೆ ದೋಣಿ ಸುಮ್ನೆ ಸುತ್ತುತ್ತದೆ. ಎಂಟು ಜನರದು ಸ್ವೀಪ್. ಅದರಲ್ಲಿ ಕಾಕ್ಸ್ ಎಂಬ ಒಂಬತ್ತನೆಯವರು ಚುಕ್ಕಾಣಿ ಹಿಡಿಯುತ್ತಾರೆ. ಮುಂದಿನ ದಾರಿ ನೋಡುತ್ತಾ ಕೂರುವವರು ಅವರೊಬ್ಬರೇ. ಉಳಿದವರೆಲ್ಲ ಗುರಿಗೆ ಬೆನ್ನು ಹಾಕಿರುತ್ತಾರೆ.

ನೋಡುವವರಿಗೆ ಇದು ತೋಳಿನ ಆಟ. ನಿಜಕ್ಕೂ ಹೆಚ್ಚಿನ ಬಲ ಬರುವುದು ಕಾಲಿನಿಂದ. ಆಸನಕ್ಕೆ ಗಾಲಿಗಳಿವೆ, ಅದು ಹಳಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ. ಪಾದಗಳನ್ನು ದೋಣಿಗೆ ಬಿಗಿದ ಹಲಗೆಗೆ ಕಟ್ಟಿರುತ್ತಾರೆ. ಹಲಗೆಯನ್ನು ಒದ್ದು ಹುಟ್ಟನ್ನು ಎಳೆಯಬೇಕು.

ಅಚ್ಚರಿಯ ವಿಷಯ ಏನೆಂದರೆ, ದೋಣಿಯ ವೇಗ ಅತಿ ಹೆಚ್ಚಾಗುವುದು ಹುಟ್ಟು ನೀರಿನಿಂದ ಮೇಲೆದ್ದಾಗ. ಎಂಟು ಜನರ ದೋಣಿಯ ಕನಿಷ್ಠ ತೂಕ 96 ಕಿಲೋ. ಒಳಗೆ ಕೂತವರ ತೂಕ ಅದರ ಏಳೆಂಟು ಪಟ್ಟು ಇರುತ್ತದೆ. ಮುಂದಿನ ಎಳೆತಕ್ಕೆ ಸಜ್ಜಾಗಲು ಇಷ್ಟು ಭಾರ ಒಟ್ಟಿಗೆ ದೋಣಿಯ ಹಿಂತುದಿಯ ಕಡೆ ಜಾರಿದಾಗ, ಹಗುರ ದೋಣಿ ಅವರ ಕೆಳಗಿನಿಂದ ಮುಂದಕ್ಕೆ ಚಿಮ್ಮುತ್ತದೆ. ಹೊಸಬರು ಆತುರಪಟ್ಟು ರಪ್ಪನೆ ಜಾರಿ ಬಂದರೆ, ತಡೆದು ನಿಲ್ಲುವಾಗ ಕಾಲುಗಳು ಹಲಗೆಯನ್ನು ಹಿಂದಕ್ಕೆ ತಳ್ಳುತ್ತವೆ. ದೋಣಿ ಮುಗ್ಗರಿಸಿದ ಹಾಗೆ ನಿಧಾನವಾಗುತ್ತದೆ. ಅದಕ್ಕೇ ಎಳೆಯುವಾಗ ಜೋರು, ಜಾರಿ ಬರುವಾಗ ನಿಧಾನ ಎಂದು ಕಲಿಸುತ್ತಾರೆ.