ಒಂದೇ ಡಬ್ಬಿ, ಎರಡು ವೋಲ್ಟೇಜು: ಅರ್ಥ್ ಹೊಂಡ ಎರಡು ಬೇಕಾ?

ಶಿರಸಿ ಕಡೆ ಅಡಿಕೆ ತೋಟದ ಪಂಪ್‌ಶೆಡ್ಡಲ್ಲಿ ಈಗ ಒಂದೇ ತಗಡಿನ ಡಬ್ಬಿಯೊಳಗೆ 415 ವೋಲ್ಟಿನ ಸ್ಟಾರ್ಟರೂ ಇರತ್ತೆ, ಟ್ಯಾಂಕಿನ ನೀರಿನ ಮಟ್ಟ ನೋಡೋ ಫ್ಲೋಟ್ ಸ್ವಿಚ್ಚಿಗೆ ಹೋಗೋ 12 ವೋಲ್ಟಿನ ವೈರೂ ಇರತ್ತೆ. ನಮ್ಮ ಚಿಕ್ಕಪ್ಪನ ತೋಟದಲ್ಲಿ ವೈರಿಂಗ್ ಮಾಡೋಕೆ ಬಂದವ್ರು "12 ವೋಲ್ಟಿಗೆ ಬೇರೆ ಅರ್ಥ್ ಹೊಂಡ (ತಂತೀನ ನೆಲಕ್ಕೆ ಸೇರಿಸೋ ಗುಂಡಿ) ತೆಗೀಬೇಕು ಹೆಗಡೇರೆ, ಸೇರಿಸಿದ್ರೆ ದೊಡ್ಡ ಕರೆಂಟು ಸಣ್ಣದಕ್ಕೆ ನುಗ್ಗತ್ತೆ" ಅಂದ್ರು. ಕೇಳೋಕೆ ಸರಿ ಅನ್ಸತ್ತೆ, ಆದ್ರೆ ಪೂರ್ತಿ ಉಲ್ಟಾ.

ಭೂಮಿತಾಯಿ ಕರೆಂಟು ನುಂಗ್ತಾಳೆ ಅಂತ ನಂಬಿರೋದ್ರಿಂದ್ಲೇ ಇದೆಲ್ಲ. ನುಂಗಲ್ಲ ಮಾರಾಯ್ರೆ! ಕರೆಂಟು ತಾನು ಹೊರಟ ಟ್ರಾನ್ಸ್‌ಫಾರ್ಮರಿಗೇ ವಾಪಸ್ ಹೋಗತ್ತೆ, ಮಣ್ಣು ಬರೀ ದಾರಿ. 1838ರಲ್ಲೇ ಜರ್ಮನಿಯ ಸ್ಟೈನ್‌ಹೈಲ್ ಟೆಲಿಗ್ರಾಫಿಗೆ ಒಂದೇ ತಂತಿ ಸಾಕು, ವಾಪಸ್ ದಾರಿಗೆ ನೆಲ ಇದೆ ಅಂತ ತೋರಿಸಿದ್ದ. ಆದ್ರೆ ಟೆಲಿಗ್ರಾಫಿಗೆ ಬೇಕಾಗಿದ್ದು ಚೂರು ಕರೆಂಟು, ಫ್ಯೂಸ್ ಹಾರಿಸೋಕೆ ಬೇಕಾಗೋದು ನೆರೆ ಬಂದಷ್ಟು ಕರೆಂಟು.

ಲೆಕ್ಕ ಹಾಕಿ ನೋಡಿ. ಒಂದು ಫೇಸ್ ವೈರು ಡಬ್ಬಿಗೆ ತಾಗ್ತು ಅಂದ್ಕೊಳ್ಳಿ, ನೆಲಕ್ಕೆ ಹೋಲಿಸಿದ್ರೆ ಅದು 240 ವೋಲ್ಟು. ಕರೆಂಟಿಗೆ ನಿಮ್ಮ ಹೊಂಡ ಒಡ್ಡೋ ತಡೆ 5 ಓಮ್, ಟ್ರಾನ್ಸ್‌ಫಾರ್ಮರ್ ಹೊಂಡದ್ದು 5 ಓಮ್ ಅಂದ್ರೆ ಹರಿಯೋದು 24 ಆಂಪ್, 32 ಆಂಪಿನ ಎಂಸಿಬಿ (ಫ್ಯೂಸಿನ ಬದಲು ಹಾಕೋ, ಕರೆಂಟು ಜಾಸ್ತಿಯಾದ್ರೆ ತಾನೇ ಬೀಳೋ ಸ್ವಿಚ್ಚು) ಬೀಳೋದೇ ಇಲ್ಲ, ಡಬ್ಬಿ 120 ವೋಲ್ಟಲ್ಲಿ ನಿಂತೇ ಇರತ್ತೆ. (ಬೇಸಿಗೇಲಿ ಚಿರೇಕಲ್ಲು ನೆಲ ಒಣಗಿದ್ರೆ ಇನ್ನೂ ಕೆಟ್ಟದು.) ಬೇರೆ ಹೊಂಡ ತೆಗೆದಿದ್ರೆ 12 ವೋಲ್ಟಿನ ನೆಗೆಟಿವ್ ವೈರು ಆ ದೂರದ ಹೊಂಡದಲ್ಲಿ ಸೊನ್ನೆಯಲ್ಲಿದೆ, ಒಂದು ಕೈ ಡಬ್ಬಿ ಮೇಲೆ, ಇನ್ನೊಂದು ಆ ವೈರ್ ಮೇಲೆ, ನಡುವೆ ನಿಮ್ಮ ಎದೆ!

ಕಾರವಾರದ ಬೈತಖೋಲ್ ಬಂದರಲ್ಲಿ ಬೋಟುಗಳನ್ನ ಒಂದಕ್ಕೊಂದು ಕಟ್ಟಿರ್ತಾರಲ್ಲ, ಭರತ ಬಂದ್ರೆ ಎಲ್ಲಾ ಒಟ್ಟಿಗೇ ಏಳತ್ತೆ, ಒಂದರಿಂದ ಒಂದಕ್ಕೆ ಆರಾಮಾಗಿ ದಾಟಬಹುದು. ದೇವಿಮನೆ ಘಾಟ್ ಹತ್ತೋ ಬಸ್ಸೂ ಹಾಗೇ, ಎಷ್ಟೇ ಮೇಲೆ ಹೋದ್ರೂ ಪಕ್ಕದ ಸೀಟಿನವರು ನಮ್ಮ ಮಟ್ಟದಲ್ಲೇ ಇರ್ತಾರೆ. ಡಬ್ಬಿ, ಮೋಟಾರ್ ಬಾಡಿ, 12 ವೋಲ್ಟಿನ ನೆಗೆಟಿವ್ ಎಲ್ಲಾ ಒಂದೇ ಅರ್ಥ್ ಪಟ್ಟಿಗೆ ಕಟ್ಟಿದ್ರೆ ವೋಲ್ಟೇಜೂ ಒಟ್ಟಿಗೇ ಏಳತ್ತೆ, ಡಬ್ಬಿ ಹತ್ರ ನಿಂತವರ ಎರಡು ಕೈ ನಡುವೆ ವ್ಯತ್ಯಾಸವೇ ಉಳಿಯಲ್ಲ. ನೆಗೆಟಿವನ್ನ ಒಂದೇ ಜಾಗದಲ್ಲಿ ಕಟ್ಟಬೇಕು ಅಷ್ಟೇ.

ಆದ್ರೆ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವರು ಆ ಬಸ್ಸಿನಲ್ಲಿಲ್ಲ! ಅವರಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ನೆಲಕ್ಕೆ ಸೋರಿದ್ರೆ ತಾನೇ ಬೀಳೋ ಸ್ವಿಚ್ಚು) ಬೇಕೇ ಬೇಕು. 12 ವೋಲ್ಟಿನ ವೈರನ್ನ ಸ್ಟಾರ್ಟರ್ ವೈರ್ ಜೊತೆ ಕಟ್ಟೋದಾದ್ರೆ ಅದರ ಇನ್ಸುಲೇಶನ್ನೂ 415 ತಡೆಯೋದಾಗಿರಬೇಕು, ಇಲ್ಲಾ ನಡುವೆ ಅಡ್ಡಗೋಡೆ ಬೇಕು. ಎರಡನೇ ಹೊಂಡ ಆಗ್ಲೇ ತೆಗೆದಾಗಿದ್ರೆ ಮುಚ್ಚಬೇಡಿ, ದಪ್ಪ ತಾಮ್ರದ ತಂತೀಲಿ ಮೊದಲನೇದಕ್ಕೆ ಸೇರಿಸಿಬಿಡಿ.